ಸಂಶೋಧನೆಗೆ ಹೊರಟ ಮಗಳು

ಈ ಪುಟಕ್ಕೆ ತಿಂಗಳು ತಿಂಗಳೂ ಬರುವ ಕಾಗದಗಳಲ್ಲಿ ಮಕ್ಕಳ ಹಟ, ಮನೆಯ ಖರ್ಚು, ಔಷಧೋಪಚಾರ, ಅತ್ತೆಸೊಸೆಯರ ಮಾತು, ಇವೇ ಹೆಚ್ಚು. ಈ ಸಲ ಬಂದ ಕಾಗದಗಳಲ್ಲಿ ಒಂದು ಆ ಜಾತಿಗೆ ಸೇರಿದುದಲ್ಲ. ಬರೆದವರು ಒಬ್ಬ ತಾಯಿ. ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೇಳಿಕೊಂಡಿರುವರು. ಅವರ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪರೀಕ್ಷೆಯನ್ನು ಮುಗಿಸಿದ್ದಾಳೆ, ನಕ್ಷತ್ರಗಳ ವಿಷಯದಲ್ಲಿ ಸಂಶೋಧನೆ ನಡೆಸಬೇಕೆಂಬುದು ಅವಳ ಆಸೆ. ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ಸಂಶೋಧನವೇತನಕ್ಕೆ ಆಯ್ಕೆಯಾಗಿದ್ದಾಳೆ. ಇನ್ನು ಐದು ವರುಷಗಳ ವ್ಯಾಸಂಗ. ಮನೆಯ ಹಿರಿಯರಾದರೋ, "ಇಷ್ಟು ಓದಿದ್ದು ಸಾಲದೆ? ನಕ್ಷತ್ರ ಎಣಿಸಿ ಆಗಬೇಕಾದುದೇನು? ಸರಕಾರ ಕೊಡುವ ಈ ಧರ್ಮದ ಹಣದಲ್ಲಿ ಎಷ್ಟು ದಿನ ಬದುಕುವಳು?" ಎನ್ನುತ್ತಿರುವರಂತೆ. ತಾಯಿ ಕೊನೆಗೆ ಕೇಳಿರುವುದು ಒಂದೇ ಮಾತು: "ನಾನು ಯಾರ ಪಕ್ಷ ಹಿಡಿಯಲಿ?"

ಪಕ್ಷದ ಮಾತು ಆಮೇಲಿರಲಿ. ಮೊದಲು 'ಧರ್ಮದ ಹಣ' ಎಂಬ ಮಾತನ್ನು ಸ್ವಲ್ಪ ವಿಚಾರಿಸೋಣ. ನಮ್ಮ ದೇಶದಲ್ಲಿ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಗೆದ್ದು ಸಂಶೋಧನೆಗೆ ಸೇರಿದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲಿನ ಎರಡು ವರುಷ ತಿಂಗಳಿಗೆ 37,000 ರೂಪಾಯಿಯೂ, ಆಮೇಲೆ 42,000 ರೂಪಾಯಿಯೂ ಸಲ್ಲತಕ್ಕದ್ದು. ಇದು ಸಾಲವಲ್ಲ, ಹಿಂದಿರುಗಿಸಬೇಕಾದುದಿಲ್ಲ. ದಾನವೂ ಅಲ್ಲ, ಏಕೆಂದರೆ ಇದನ್ನು ಪಡೆದವಳು ದಿನವೂ ಪ್ರಯೋಗಶಾಲೆಯಲ್ಲಿ ದುಡಿಯುತ್ತಾಳೆ, ಲೆಕ್ಕ ಹಾಕುತ್ತಾಳೆ, ಯಂತ್ರ ಕಟ್ಟುತ್ತಾಳೆ, ಕಂಡುದನ್ನು ಬರೆದು ಪ್ರಕಟಿಸುತ್ತಾಳೆ. ಅವಳು ಕಂಡುಕೊಂಡ ತಿಳಿವು ಲೋಕದ ಸೊತ್ತಾಗುತ್ತದೆ. ಗದ್ದೆಯಲ್ಲಿ ದುಡಿದವನಿಗೆ ಕೂಲಿ ಕೊಟ್ಟರೆ ಧರ್ಮವೆನ್ನುವುದಿಲ್ಲ. ಇದೂ ಹಾಗೆಯೇ.

ಆದರೂ ಈ ದುಡಿಮೆಯ ಫಲವೇನೆಂಬುದು ಮನೆಯಲ್ಲಿ ಕುಳಿತವರ ಕಣ್ಣಿಗೆ ಕಾಣದು. ಆದುದರಿಂದ ಇಂಥ ವೇತನದ ಮೇಲೆ ಓದಿದ ಒಬ್ಬ ಹುಡುಗಿಯ ಕಥೆಯನ್ನು ನಮ್ಮ ವಾಚಕರ ಮುಂದಿಡುತ್ತೇವೆ. ಕಥೆ ನಮ್ಮ ನಾಡಿನದಲ್ಲ. ಆದರೆ ಅದರ ಕೊನೆಯ ಎಳೆ ನಮ್ಮೂರಿನವರೆಗೂ ಬಂದಿದೆ.

ಜೋಸೆಲಿನ್ ಬೆಲ್ ಎಂಬ ಈಕೆ 1943ನೆಯ ಇಸವಿಯಲ್ಲಿ ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದವರು. ಬೆಳೆದದ್ದು ಲರ್ಗನ್ ಎಂಬ ಊರಿನ ಬಳಿ. ತಂದೆ ಕಟ್ಟಡಗಳ ನಕ್ಷೆ ತೆಗೆಯುವ ಶಿಲ್ಪಿ. ಶಾಲೆಯಲ್ಲಿ ವಿಜ್ಞಾನದ ಪಾಠ ಆರಂಭವಾದ ದಿನ ಹುಡುಗರನ್ನೆಲ್ಲ ಪ್ರಯೋಗಶಾಲೆಗೂ ಹುಡುಗಿಯರನ್ನೆಲ್ಲ ಅಡುಗೆ ಹೊಲಿಗೆ ಕಲಿಸುವ ಕೊಠಡಿಗೂ ಕಳುಹಿಸಿದರು. ಹುಡುಗಿ ಮನೆಗೆ ಬಂದು ಹೇಳಿದಳು. ತಂದೆತಾಯಿಗಳು ಸುಮ್ಮನಿರಲಿಲ್ಲ, ಇನ್ನೂ ಒಬ್ಬಿಬ್ಬರು ಪೋಷಕರೂ ದನಿಗೂಡಿಸಿದರು. ಮುಂದಿನ ವಿಜ್ಞಾನದ ಪಾಠದಲ್ಲಿ ಹುಡುಗರ ಜೊತೆಗೆ ಮೂವರು ಹುಡುಗಿಯರು ಕುಳಿತಿದ್ದರು. ಅಡುಗೆ ಕಲಿಯುವುದು ಕೀಳೆಂದು ಈ ಪುಟದವರಾದ ನಾವು ಎಂದಿಗೂ ಹೇಳೆವು. ಅದನ್ನು ಹುಡುಗರಿಗೂ ಕಲಿಸಬೇಕೆಂಬುದು ನಮ್ಮ ಹಳೆಯ ವಾದ. ಆದರೆ ಒಂದು ಬಾಗಿಲನ್ನು ತೋರಿಸುವ ನೆಪದಿಂದ ಇನ್ನೊಂದನ್ನು ಮುಚ್ಚಿದರೆ ಅದು ಶಿಕ್ಷಣವಾಗಲಾರದು.

ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿಯ ಮಕ್ಕಳೆಲ್ಲ ಕೊಡಬೇಕಾಗಿದ್ದ ಒಂದು ಪರೀಕ್ಷೆಯಲ್ಲಿ ಈಕೆ ಉತ್ತೀರ್ಣರಾಗಲಿಲ್ಲ. ಮಕ್ಕಳ ಅಂಕಪಟ್ಟಿಯನ್ನು ಕಂಡು ಕಂಗೆಡುವ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು. ಮನೆಯವರು ಆಕೆಯನ್ನು ಯಾರ್ಕ್ ನಗರದ ಒಂದು ಬಾಲಿಕಾ ಪಾಠಶಾಲೆಗೆ ಕಳುಹಿಸಿದರು. ಅಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯರಿಂದ ಭೌತಶಾಸ್ತ್ರದ ರುಚಿ ಹತ್ತಿತು. ಮುಂದೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಆನರ್ಸ್ ತರಗತಿಯಲ್ಲಿ ನಲವತ್ತೊಂಬತ್ತು ಮಂದಿ ಗಂಡಸರ ನಡುವೆ ಈಕೆಯೊಬ್ಬರೇ ಹೆಣ್ಣು. ಈಕೆ ಒಳಗೆ ಬಂದೊಡನೆ ತರಗತಿಯವರು ಸಿಳ್ಳು ಹಾಕಿ ಕಾಲು ಕುಟ್ಟುತ್ತಿದ್ದರಂತೆ. ಅದನ್ನೂ ಸಹಿಸಿ 1965ರಲ್ಲಿ ಪದವಿ ಪಡೆದು, ಕೇಂಬ್ರಿಜ್ಜಿಗೆ ಸಂಶೋಧನೆಗೆಂದು ಹೋದರು.

ಅಲ್ಲಿ ಆಂಟನಿ ಹ್ಯೂಯಿಷ್ ಎಂಬ ವಿದ್ವಾಂಸರು ಮಾರ್ಗದರ್ಶಕರು. ಆಕಾಶದಿಂದ ಬರುವುದು ಬೆಳಕು ಮಾತ್ರವಲ್ಲ, ರೇಡಿಯೋ ಅಲೆಗಳೂ ಬರುತ್ತವೆ. ಗಾಳಿಯ ಅಲುಗಾಟದಿಂದ ನಕ್ಷತ್ರ ಮಿನುಗುವಂತೆ, ಸೂರ್ಯನಿಂದ ಹೊರಡುವ ಕಣಗಳ ಹೊಳೆಯ ಮೂಲಕ ಹಾಯ್ದು ಬರುವಾಗ ಚಿಕ್ಕದಾಗಿ ಕಾಣುವ ರೇಡಿಯೋ ಮೂಲಗಳೂ ಮಿನುಗುತ್ತವೆ. ಆ ಮಿನುಗನ್ನು ಅಳೆಯುವುದಕ್ಕೆ ಹೊಸದೊಂದು ರೇಡಿಯೋ ದೂರದರ್ಶಕವನ್ನು ಕಟ್ಟಬೇಕಾಗಿತ್ತು. ದೂರದರ್ಶಕವೆಂದರೆ ಇಲ್ಲಿ ಗಾಜಿನ ಕೊಳವೆಯಲ್ಲ. ನಾಲ್ಕೂವರೆ ಎಕರೆ ಹೊಲದಲ್ಲಿ ಸಾವಿರಕ್ಕೂ ಹೆಚ್ಚು ಕಂಬಗಳನ್ನು ನೆಟ್ಟು, ಅವುಗಳ ನಡುವೆ 120 ಮೈಲಿಯಷ್ಟು ತಂತಿ ಬಿಗಿದರು. ಜೋಸೆಲಿನ್ ಬೆಲ್ ಕೂಡ ಸುತ್ತಿಗೆ ಹಿಡಿದು ಎರಡು ವರುಷ ಅದನ್ನು ಕಟ್ಟುವ ಕೆಲಸದಲ್ಲಿ ಪಾಲುಗೊಂಡರು. 1967ರ ಜುಲೈಯಲ್ಲಿ ಯಂತ್ರ ನಡೆಯತೊಡಗಿತು. ಆಗ ಅವರಿಗೆ 24 ವಯಸ್ಸು.

ಯಂತ್ರ ನಡೆದರೆ ಸಾಲದು. ಅದು ಬರೆದುದನ್ನು ಓದುವವರು ಬೇಕು. ದಿನವೂ ಸುಮಾರು ನೂರು ಅಡಿ ಉದ್ದದ ಕಾಗದದ ಮೇಲೆ ಲೇಖನಿ ಅಂಕುಡೊಂಕು ಗೆರೆ ಎಳೆಯುತ್ತಿತ್ತು. ಆಕಾಶವನ್ನು ಒಂದು ಸುತ್ತು ನೋಡಿ ಮುಗಿಸಲು ನಾಲ್ಕು ದಿನ, ಅಂದರೆ ನಾನೂರು ಅಡಿ ಕಾಗದ. ಅದಷ್ಟನ್ನೂ ಈಕೆ ಕಣ್ಣಿನಿಂದಲೇ ಪರೀಕ್ಷಿಸಬೇಕಾಗಿತ್ತು. ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಆರಿಸುವ ನಮ್ಮ ಸೋದರಿಯರಿಗೆ ಈ ಕೆಲಸದ ಬಗೆ ಹೇಳಿಕೊಡಬೇಕಾದುದಿಲ್ಲ. ಕಣ್ಣು ಅಭ್ಯಾಸವಾದಂತೆ ಇದು ಅಕ್ಕಿ, ಇದು ನೆಲ್ಲು, ಇದು ಕಲ್ಲು ಎಂದು ಕೈ ತಾನಾಗಿ ಆರಿಸುತ್ತದೆ. ಹಾಗೆಯೇ ಇದು ನಕ್ಷತ್ರಲೋಕದ ಮಿನುಗು, ಇದು ಭೂಮಿಯ ಮೇಲಿನ ಯಾವುದೋ ಯಂತ್ರದ ಗಲಾಟೆ ಎಂದು ಅವರು ಗುರುತಿಸುತ್ತ ಬಂದರು. ಆದರೆ ನಾನೂರು ಅಡಿಯಲ್ಲಿ ಅರ್ಧ ಅಂಗುಲಕ್ಕೂ ಕಡಿಮೆಯಾದ ಒಂದು ಗುರುತು ಮಾತ್ರ ಅಕ್ಕಿಯೂ ಅಲ್ಲ, ಕಲ್ಲೂ ಅಲ್ಲ ಎಂಬಂತೆ ಇತ್ತು. ಅದನ್ನು ಅವರು ಬಿಸಾಡಲಿಲ್ಲ. ಹಿಂದೆ ಎಲ್ಲಿಯೋ ಕಂಡಂತಿದೆಯೆಂದು ಹಳೆಯ ಸುರುಳಿಗಳನ್ನು ಬಿಚ್ಚಿ ನೋಡಿದರು. ಆಕಾಶದ ಅದೇ ಭಾಗದಿಂದ ಅದು ಮೊದಲೂ ಬಂದಿತ್ತು.

ನಕ್ಷತ್ರಗಳು ದಿನದಿನಕ್ಕೂ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಉದಯಿಸುವುವೆಂಬುದನ್ನು ಬಲ್ಲವರು ಬಲ್ಲರು. ಈ ಗುರುತೂ ನಕ್ಷತ್ರಗಳ ಆ ಗಡಿಯಾರವನ್ನೇ ಅನುಸರಿಸುತ್ತಿತ್ತು. ಮನುಷ್ಯರ ಯಂತ್ರದ ಸದ್ದಾಗಿದ್ದರೆ ಅದು ಮನುಷ್ಯರ ಗಡಿಯಾರವನ್ನು ಅನುಸರಿಸಬೇಕಾಗಿತ್ತು. 1967ರ ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ಬರೆಸಿದಾಗ ಗುಟ್ಟು ಹೊರಬಿತ್ತು. ಒಂದು ಸೆಕೆಂಡು ಮತ್ತು ಅದರ ಮೂರರಲ್ಲೊಂದು ಪಾಲಿಗೆ ಒಮ್ಮೆಯಂತೆ, ತಪ್ಪದೆ, ನಾಡಿಯಂತೆ ಮಿಡಿತ! ಇಷ್ಟು ಕ್ರಮ ತಪ್ಪದ ಮಿಡಿತ ಯಾವುದೋ ಲೋಕದ ಬುದ್ಧಿವಂತ ಜೀವಿಗಳ ಸಂಕೇತವಿರಬಹುದೋ ಎಂದು ಅರ್ಧ ವಿನೋದಕ್ಕಾಗಿ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂದು ಹೆಸರಿಟ್ಟರು. ಆದರೆ ಕ್ರಿಸ್ಮಸ್ ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ಜೋಸೆಲಿನ್ ಬೆಲ್ ಇನ್ನೊಂದು ಸುರುಳಿಯಲ್ಲಿ ಅಂಥದೇ ಗುರುತನ್ನು ಕಂಡರು. ಆ ಭಾಗದ ಆಕಾಶ ಯಂತ್ರದ ಎದುರಿಗೆ ಬರುವುದು ನಡುರಾತ್ರಿ ಕಳೆದ ಮೇಲೆ. ಕೊರೆಯುವ ಚಳಿಯಲ್ಲಿ ಅಲ್ಲಿಗೆ ಹೋದರು. ಚಳಿಗೆ ಯಂತ್ರ ಸರಿಯಾಗಿ ನಡೆಯದು. ಅದರ ಮೇಲೆ ಬಾಯಿಂದ ಬಿಸಿಯುಸಿರು ಊದಿ, ಗುಂಡಿಗಳನ್ನು ಅತ್ತಿತ್ತ ತಿರುಗಿಸಿ, ಐದು ನಿಮಿಷ ಮಾತ್ರ ನಡೆಸಿದರು. ಬೇಕಾಗಿದ್ದುದೂ ಆ ಐದು ನಿಮಿಷವೇ. ಎರಡನೆಯ ಮಿಡಿತ ಸಿಕ್ಕಿತು. ಆಕಾಶದ ಎರಡು ದೂರದ ಮೂಲೆಗಳಿಂದ ಎರಡು ಬೇರೆ ಜನಾಂಗಗಳು ಒಂದೇ ಕಾಲದಲ್ಲಿ ಒಂದೇ ಬಗೆಯಾಗಿ ನಮಗೆ ಸನ್ನೆ ಮಾಡುವುವೆಂದರೆ ನಂಬುವವರಾರು? ಇದು ಹೊಸ ಬಗೆಯ ತಾರೆಯೇ ಸರಿ ಎಂದು ನಿಶ್ಚಯವಾಯಿತು.

ಇವಕ್ಕೆ ಪಲ್ಸಾರ್ ಎಂದು ಹೆಸರಾಯಿತು. ಭಾರವಾದ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿಯುವ ತಿರುಳು ಅದು. ನಮ್ಮ ಸೂರ್ಯನಿಗಿಂತ ಹೆಚ್ಚು ತೂಕದ ದ್ರವ್ಯ ಸುಮಾರು ಇಪ್ಪತ್ತು ಕಿಲೋಮೀಟರು ಅಡ್ಡಗಲದ ಉಂಡೆಯಾಗಿ ಗಟ್ಟಿಗೊಂಡು ಗಿರ್ರನೆ ತಿರುಗುತ್ತಿರುತ್ತದೆ. ಕಡಲತಡಿಯ ದೀಪಸ್ತಂಭದ ಬೆಳಕು ಸುತ್ತಿ ಸುತ್ತಿ ನಮ್ಮ ಕಣ್ಣಿಗೆ ಹೊಡೆಯುವಂತೆ ಅದರ ರೇಡಿಯೋ ಕಿರಣ ಒಂದೊಂದು ಸುತ್ತಿಗೆ ಒಮ್ಮೆ ಭೂಮಿಯನ್ನು ತಾಕುತ್ತದೆ. ಅಂಥ ತಾರೆ ಇರಬಹುದೆಂದು ಪಂಡಿತರು ಲೆಕ್ಕದಿಂದ ಊಹಿಸಿದ್ದರು. ಇದೆಯೆಂದು ತೋರಿಸಿಕೊಟ್ಟುದು ಆ ಅರ್ಧ ಅಂಗುಲದ ಗುರುತು.

1968ರ ಫೆಬ್ರವರಿ 24ರ 'ನೇಚರ್' ಪತ್ರಿಕೆಯಲ್ಲಿ ಈ ಶೋಧದ ಲೇಖನ ಪ್ರಕಟವಾಯಿತು. ಐವರು ಲೇಖಕರಲ್ಲಿ ಜೋಸೆಲಿನ್ ಬೆಲ್ ಅವರದು ಎರಡನೆಯ ಹೆಸರು. ಲೇಖನದ ಕೊನೆಯಲ್ಲಿ ಕೃತಜ್ಞತೆಯ ಮಾತೊಂದಿದೆ: ತಮಗೆ ವೇತನವಿತ್ತ ಉತ್ತರ ಐರ್ಲೆಂಡಿನ ವಿದ್ಯಾ ಮಂತ್ರಾಲಯಕ್ಕೆ ಆಕೆ ಅಲ್ಲಿ ವಂದನೆ ಸಲ್ಲಿಸಿರುವರು. ಧರ್ಮದ ಹಣವೆಂದು ಹಳಿಯುವವರು ಈ ಸಾಲನ್ನು ಗಮನಿಸಬೇಕು. ತೆರಿಗೆ ಕೊಟ್ಟ ಎಷ್ಟೋ ಮಂದಿ ರೈತರು, ಅಂಗಡಿಯವರು ತಮಗೆ ತಿಳಿಯದೆಯೇ ಆ ಶೋಧಕ್ಕೆ ಪಾಲುದಾರರಾದರು.

ಮುಂದಿನದು ಎಲ್ಲವೂ ಸಿಹಿಯಲ್ಲ. ಪತ್ರಿಕೆಯವರು ಬಂದು ಗುರುಗಳನ್ನು ತಾರೆಯ ವಿಷಯ ಕೇಳಿದರೆ, ಶಿಷ್ಯೆಯನ್ನು ಆಕೆಯ ಎತ್ತರವೆಷ್ಟು, ಮೆಚ್ಚಿದ ಗೆಳೆಯರೆಷ್ಟು ಎಂದು ಕೇಳಿದರು. 1974ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಿಕ ಆಂಟನಿ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಗುರುತನ್ನು ಕಂಡು ಹಿಡಿದವರಿಗೆ ಸಲ್ಲಲಿಲ್ಲ. ಫ್ರೆಡ್ ಹಾಯ್ಲ್ ಮೊದಲಾದ ಹಿರಿಯ ವಿಜ್ಞಾನಿಗಳು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಆಕೆಯಾದರೋ ಕಹಿಯಾಡಲಿಲ್ಲ, ವಿದ್ಯಾರ್ಥಿಗಳಿಗೆ ಆ ಪಾರಿತೋಷಿಕ ಅಪರೂಪಕ್ಕೆ ಸಲ್ಲತಕ್ಕದ್ದೆಂದೂ, ತಮ್ಮದು ಅಂಥ ಸಂದರ್ಭವೆಂದು ತಾವು ಭಾವಿಸುವುದಿಲ್ಲವೆಂದೂ ಹೇಳಿದರು. 1968ರಲ್ಲಿ ವಿವಾಹವಾಗಿತ್ತು. ಪತಿಯ ಉದ್ಯೋಗ ಊರಿಂದೂರಿಗೆ ಬದಲಾದಂತೆ ಈಕೆಯೂ ಹೊರಟರು. ಮಗನನ್ನು ಬೆಳೆಸುತ್ತ ಎಷ್ಟೋ ವರುಷ ಅರೆಕಾಲದ ಕೆಲಸದಲ್ಲಿಯೇ ಇದ್ದರು. ಹೊಸ ಊರು ಬಂದಾಗ ಅಲ್ಲಿ ದೊರೆತ ಕೆಲಸವನ್ನು ಹಿಡಿದರು: ಒಮ್ಮೆ ಗಾಮಾ ಕಿರಣಗಳು, ಒಮ್ಮೆ ಎಕ್ಸ್ ಕಿರಣಗಳು, ಒಮ್ಮೆ ಅತಿರಕ್ತ ಕಿರಣಗಳು. ತಾಳಿದವನು ಬಾಳಿಯಾನೆಂಬ ಗಾದೆಯನ್ನು ಹೆಂಗಸರಿಗೇ ಹೆಚ್ಚಾಗಿ ಹೇಳುವ ವಾಡಿಕೆಯುಂಟು. ಆಕೆ ತಾಳಿದರು, ಬಾಳಿದರು. ಆದರೆ ಅಷ್ಟು ತಾಳಬೇಕಾಗಿ ಬಂದುದು ನ್ಯಾಯವೆಂದು ನಾವು ಹೇಳಲಾರೆವು. 1991ರಲ್ಲಿ ಪ್ರಾಧ್ಯಾಪಕ ಪದವಿ ಬಂತು. 2008ರಲ್ಲಿ ಬ್ರಿಟನ್ ಐರ್ಲೆಂಡುಗಳ ಭೌತಶಾಸ್ತ್ರಜ್ಞರ ಸಂಘವಾದ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್‌ಗೆ ಅಧ್ಯಕ್ಷರಾದ ಮೊದಲ ಮಹಿಳೆಯೆನಿಸಿದರು.

ಈಗ ನಮ್ಮ ವಿಷಯಕ್ಕೆ ಬರುತ್ತೇವೆ. 2018ರಲ್ಲಿ ಬ್ರೇಕ್‌ಥ್ರೂ ಎಂಬ ಹೆಸರಿನ ವಿಶೇಷ ಬಹುಮಾನ ಅವರಿಗೆ ಸಂದಿತು. ಮೊತ್ತ ಮೂವತ್ತು ಲಕ್ಷ ಡಾಲರು, ಅಂದಿನ ಲೆಕ್ಕದಲ್ಲಿ 23 ಲಕ್ಷ ಪೌಂಡು. ಐವತ್ತು ವರುಷ ತಡವಾಗಿ ಬಂದ ಹಣ! ಮನೆ ಕೊಳ್ಳಬಹುದಾಗಿತ್ತು, ಮುಪ್ಪಿನ ಕಾಲಕ್ಕೆ ಇಟ್ಟುಕೊಳ್ಳಬಹುದಾಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಅದಷ್ಟನ್ನೂ ಅದೇ ಸಂಘದ ಕೈಗಿತ್ತು, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ವೇತನ ಕೊಡಿರೆಂದರು. ಎಲ್ಲ ವಿದ್ಯಾರ್ಥಿಗಳಿಗೂ ಅಲ್ಲ. ಆ ಶಾಸ್ತ್ರದಲ್ಲಿ ಸಂಖ್ಯೆ ಕಡಿಮೆಯಾಗಿರುವ ವರ್ಗಗಳಿಗೆ, ಅಂದರೆ ಹೆಂಗಸರು, ಅಲ್ಪಸಂಖ್ಯಾತ ಜನಾಂಗಗಳವರು, ದೇಶಬಿಟ್ಟು ಬಂದ ನಿರಾಶ್ರಿತರು, ಇಂಥವರಿಗೆ. ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುತ್ತ ಅರೆಕಾಲ ಮಾತ್ರ ಓದಬಲ್ಲವರಿಗೂ ಬಾಗಿಲು ತೆರೆದಿದೆ. ಬೆಲ್ ಬರ್ನೆಲ್ ವಿದ್ಯಾರ್ಥಿವೇತನ ನಿಧಿಯೆಂಬ ಹೆಸರಿನ ಈ ನಿಧಿಯಿಂದ 2020ರಲ್ಲಿ ಮೊದಲ ವೇತನಗಳು ಸಂದವು.

ಹೀಗೇಕೆ ಮಾಡಿದಿರೆಂದು ಕೇಳಿದವರಿಗೆ ಆಕೆ ಕೊಟ್ಟ ಕಾರಣ ಕರುಣೆಯದಲ್ಲ. ಕೇಂಬ್ರಿಜ್ಜಿನಲ್ಲಿ ತಾವು ಹೊರಗಿನವರೆಂಬ ಅಳುಕು ಅವರನ್ನು ಸದಾ ಕಾಡುತ್ತಿತ್ತು. ತಪ್ಪಿ ಇಲ್ಲಿ ಸೇರಿಸಿಕೊಂಡಿರುವರು, ಎಂದಾದರೂ ಹೊರಗೆ ಹಾಕುವರು ಎಂದು ಭಯ. ಹೊರಹಾಕುವ ತನಕವಾದರೂ ಯಾರೂ ಬೆರಳಿಡದಂತೆ ಕೆಲಸ ಮಾಡೋಣವೆಂದು ಒಂದೊಂದು ಅಂಗುಲವನ್ನೂ ನೋಡಿದರು. ಅದರಿಂದಲೇ ಆ ಗುರುತು ಸಿಕ್ಕಿತು. ಹೊರಗಿನಿಂದ ಬಂದವರ ಕಣ್ಣಿಗೆ ಒಳಗಿನವರು ಕಾಣದಿದ್ದುದು ಕಾಣಬಹುದು. ಆದುದರಿಂದ ಬೇರೆ ಬೇರೆ ಬಗೆಯ ಜನ ಶಾಸ್ತ್ರಕ್ಕೆ ಬಂದರೆ ಶಾಸ್ತ್ರಕ್ಕೇ ಲಾಭವೆಂಬುದು ಅವರ ವಾದ.

ಆ ಶೋಧದ ಎಳೆ ನಮ್ಮ ಊರನ್ನೂ ಮುಟ್ಟಿದೆಯೆಂದೆವಷ್ಟೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ವಿ. ರಾಧಾಕೃಷ್ಣನ್ ಅವರು 1969ರಲ್ಲಿ ಆಸ್ಟ್ರೇಲಿಯದಲ್ಲಿದ್ದುಕೊಂಡು ಒಂದು ಪಲ್ಸಾರಿನ ಅಲೆಗಳನ್ನು ಪರೀಕ್ಷಿಸಿ, ಕಿರಣ ಹೊರಡುವುದು ತಾರೆಯ ಕಾಂತಧ್ರುವದ ಬಳಿಯಿಂದ ಎಂಬ ವಿವರಣೆಗೆ ಆಧಾರ ಒದಗಿಸಿದರು. 1972ರಲ್ಲಿ ಅವರೇ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು. ಗೌರಿಬಿದನೂರಿನ ಹೊಲಗಳ ನಡುವೆ 1970ರ ದಶಕದಲ್ಲಿ ಎದ್ದ ರೇಡಿಯೋ ದೂರದರ್ಶಕದಿಂದಲೂ ಪಲ್ಸಾರ್‌ಗಳ ಮಿಡಿತವನ್ನು ನಮ್ಮವರು ಕೇಳಿರುವರು.

ಅದೇ ಬೆಂಗಳೂರಿನಲ್ಲಿ ಅದಕ್ಕೂ ಮುಂಚೆ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಈ ಲೇಖನ ಮುಗಿಯದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ ಎಂಬವರು 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು, ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ವಜ್ರ ಮಾಣಿಕ್ಯಗಳ ಮೇಲೆ ಬೆಳಕು ಬಿದ್ದಾಗ ಅವು ಹೊರಸೂಸುವ ಬೆಳಕಿನ ಪರೀಕ್ಷೆ ಅವರ ವಿಷಯ. ಛಾಯಾಫಲಕಕ್ಕೆ ಒಂದೊಂದು ಸಲ ಹದಿನೈದು ಇಪ್ಪತ್ತು ಗಂಟೆ ಬೆಳಕು ತಾಗಿಸಬೇಕಾಗಿದ್ದುದರಿಂದ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಮಲಗಿದ್ದುಂಟು. 1942ರಿಂದ 1945ರವರೆಗೆ ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿ, ಪ್ರೌಢಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಅಲ್ಲಿಂದ ಬಂದ ಉತ್ತರ: ಎಂ.ಎಸ್ಸಿ. ಪದವಿಯಿಲ್ಲ, ಆದುದರಿಂದ ಡಾಕ್ಟರೇಟ್ ಸಲ್ಲದು! ಬಿ.ಎಸ್ಸಿ. ಆನರ್ಸ್ ಪದವಿಯ ಬಲದಿಂದಲೇ ಸಂಶೋಧನೆಗೆ ವೇತನ ದೊರೆತಿದ್ದರೂ ನಿಯಮ ಸಡಿಲಲಿಲ್ಲ. ಆ ಪ್ರಬಂಧ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು, ಪದವಿ ಬರಲಿಲ್ಲ.

ಅವರು ಎದೆಗುಂದಲಿಲ್ಲ. 1945ರಲ್ಲಿ ಸರಕಾರದ ವೇತನದಿಂದ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ವಿದೇಶದಿಂದ ತರಿಸುತ್ತಿದ್ದ ಉಪಕರಣಗಳು ಇಲ್ಲಿಯೇ ತಯಾರಾಗುವಂತೆ ಮಾಡಿದರು. ದೇಶದಲ್ಲಿ ಎಲ್ಲಿ ಎಷ್ಟು ಬಿಸಿಲು ಬೀಳುತ್ತದೆ, ಎಲ್ಲಿ ಎಷ್ಟು ಗಾಳಿ ಬೀಸುತ್ತದೆಂದು ಅವರು ಅಳೆಯಿಸಿ ಕೂಡಿಸಿದ ಲೆಕ್ಕಗಳು ಮುಂದೆ ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯುವ ಯೋಜನೆಗಳಿಗೆ ತಳಹದಿಯಾದವು. ವಜ್ರದ ಮೇಲಿನ ಬೆಳಕನ್ನು ಅಳೆಯಲು ಕೊಟ್ಟ ಅಲ್ಪ ವೇತನ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ನೋಡಿರಿ.

ಇನ್ನು ಆ ತಾಯಿಗೆ ನಮ್ಮ ಉತ್ತರ. ಅಮ್ಮಾ, ಹಿರಿಯರ ಭಯವೆಲ್ಲ ಹುರುಳಿಲ್ಲದ್ದೆಂದು ನಾವು ಹೇಳೆವು. ಐದು ವರುಷವೆಂದದ್ದು ಆರಾಗುವುದುಂಟು. ವೇತನ ಕೆಲವು ಸಲ ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಆದುದರಿಂದ ಮೂರು ನಾಲ್ಕು ತಿಂಗಳ ಖರ್ಚು ಕೈಯಲ್ಲಿರಬೇಕು. ಪದವಿ ಬಂದೊಡನೆ ಉದ್ಯೋಗ ಕಾದು ನಿಂತಿರುವುದಿಲ್ಲ. ಇವನ್ನೆಲ್ಲ ಮುಚ್ಚದೆ ಮಗಳೊಡನೆ ಮಾತಾಡಿರಿ. ಮಾರ್ಗದರ್ಶಕರಾಗುವವರು ಯಾರು, ಅವರ ಹಿಂದಿನ ಶಿಷ್ಯರು ಎಷ್ಟು ವರುಷಕ್ಕೆ ಮುಗಿಸಿದರು, ಈಗ ಎಲ್ಲಿರುವರು, ವಸತಿಗೃಹವಿದೆಯೇ, ರಾತ್ರಿ ತಡವಾದರೆ ಬರುವ ದಾರಿ ಹೇಗೆ, ಇವನ್ನು ಸೇರುವ ಮೊದಲೇ ವಿಚಾರಿಸಿರಿ. ಆಗಲೇ ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕಂಡು ಕೇಳಿದರೆ ಇನ್ನೂ ಮೇಲು. ನಡುವೆ ಮದುವೆಯಾದರೆ ಎಲ್ಲವೂ ಮುಗಿಯಿತೆಂಬ ಅಂಜಿಕೆ ಬೇಡ. ಸಂಶೋಧನೆಯಲ್ಲಿರುವ ಹೆಂಗಸರಿಗೆ ಹೆರಿಗೆಗೂ ಮಗುವಿನ ಪಾಲನೆಗೂ ಒಟ್ಟು 240 ದಿನಗಳವರೆಗೆ ರಜ ಕೊಡಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮವಿದೆ.

ಹಿರಿಯರಿಗೂ ಒಂದು ಮಾತು. ಜೋಸೆಲಿನ್ ಬೆಲ್ ಅವರಿಗೆ ಮೊದಲು ದೊರೆತ ಸಹಾಯ ಹಣದ ರೂಪದ್ದಲ್ಲ. ಹುಡುಗಿ ಮನೆಗೆ ಬಂದು ಹೇಳಿಕೊಂಡ ಮಾತನ್ನು ತಂದೆತಾಯಿಗಳು ಅಲ್ಲಗಳೆಯದೆ ಶಾಲೆಯವರನ್ನು ಕೇಳಿದರು. ಸರಕಾರದ ವೇತನ ಬಂದುದು ಅದರ ಎಷ್ಟೋ ವರುಷದ ಮೇಲೆ. ನಿಮ್ಮ ಮಗಳ ವಿಷಯದಲ್ಲಿ ಸರಕಾರ ತನ್ನ ಪಾಲನ್ನು ಕೊಡಲು ಒಪ್ಪಿದೆ. ಮನೆಯ ಪಾಲು ಇನ್ನೂ ಬಾಕಿಯಿದೆ.

ಯಾರ ಪಕ್ಷವೆಂದು ಕೇಳಿದಿರಲ್ಲವೆ? ಒಂದು ದಿನ ಬಿಡುವು ಮಾಡಿಕೊಂಡು ಆ ಹಿರಿಯರನ್ನೂ ಕರೆದುಕೊಂಡು ಮಗಳು ಸೇರಲಿರುವ ಸಂಸ್ಥೆಗೆ ಹೋಗಿ ಬನ್ನಿರಿ. ಅವಳು ಕೂರುವ ಜಾಗವನ್ನೂ, ಅವಳು ಹಿಡಿಯುವ ಯಂತ್ರವನ್ನೂ ಅವರ ಕಣ್ಣಿಗೆ ತೋರಿಸಿರಿ. ಆಮೇಲೆ ಮನೆಯಲ್ಲಿ ನಡೆದ ಮಾತು ಏನೆಂಬುದನ್ನು ನಮಗೆ ಬರೆಯಿರಿ. ಮುಂದಿನ ತಿಂಗಳ ಪುಟದಲ್ಲಿ ಅದಕ್ಕೆ ಸ್ಥಳವಿಟ್ಟಿರುತ್ತೇವೆ.